ಹಳೆಯ ಲಿವರ್ ಆ್ಯಕ್ಷನ್ ರೈಫಲ್‌ಗೆ ಕೈಯಿಂದ ತೋಟಾ ತುಂಬುವ ಕ್ರಮ

ಹಳೆಯ ಲಿವರ್ ಆ್ಯಕ್ಷನ್ ರೈಫಲ್‌ಗೆ (ಟ್ರಿಗರ್ ಸುತ್ತಲಿನ ಹಿಡಿಯನ್ನು ಆಡಿಸಿ ತೋಟಾ ಬದಲಿಸುವ ಕೋವಿ) ತೋಟಾ ತುಂಬಲು, ಅಂದರೆ ಖಾಲಿ ಕೇಸಿಗೆ ಮದ್ದು, ಗುಂಡು ಹಾಕಿ ತೋಟಾ ತಯಾರಿಸಲು, ಹೊರಟವರು ತೋಟಾದ ಹೆಸರಿಗಿಂತ ಮೊದಲು ಕೋವಿಯ ಕಟ್ಟಣೆಯನ್ನು ಅರಿಯಬೇಕು. .44-40 ತೋಟಾ ವಿಂಚೆಸ್ಟರ್ 1873 ಮಾದರಿಗೂ ಹೊಂದುತ್ತದೆ, 1892 ಮಾದರಿಗೂ ಹೊಂದುತ್ತದೆ. ಆದರೆ 1873ರಲ್ಲಿ ಬೋಲ್ಟನ್ನು (ತೋಟಾದ ಬುಡವನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು) ಹಿಡಿದು ನಿಲ್ಲಿಸುವುದು ಕರಿಮದ್ದಿನ ಕಾಲದ, ಮೊಣಕಾಲಿನಂತೆ ಮಡಚುವ ಟಾಗಲ್ ಕೊಂಡಿಗಳು. 1892ರಲ್ಲಿ ಆ ಕೆಲಸ ಮಾಡುವುದು ಜಾನ್ ಬ್ರೌನಿಂಗ್ ರೂಪಿಸಿದ, ಅದಕ್ಕಿಂತ ಬಹಳ ಗಟ್ಟಿಯಾದ ಎರಡು ಲಂಬ ಬೀಗಗಳು. 1892 ತಡೆದುಕೊಳ್ಳುವ ಒತ್ತಡ 1873ನ್ನು ಒಡೆಯಬಹುದು. .45-70ಕ್ಕೆ ಮದ್ದಿನ ಪ್ರಮಾಣವನ್ನು ಕೈಪಿಡಿಗಳು ಸಾಮಾನ್ಯವಾಗಿ ಮೂರು ಪಟ್ಟಿಗಳಲ್ಲಿ ಕೊಡುವುದೂ ಇದೇ ಕಾರಣಕ್ಕೆ: ಕರಿಮದ್ದಿನ ಕಾಲದ ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗೆ ಒಂದು, ಆಧುನಿಕ ಲಿವರ್ ಆ್ಯಕ್ಷನ್‌ಗೆ ಇನ್ನೊಂದು, ಅತಿ ಬಲವಾದ ಸಿಂಗಲ್ ಶಾಟ್ ರೈಫಲ್‌ಗಳಿಗೆ ಮತ್ತೊಂದು. ನೂರು ವರ್ಷ ದಾಟಿದ ಮೂಲ ವಿಂಚೆಸ್ಟರ್ 1886 ಕೈಯಲ್ಲಿದ್ದರೆ ಮೊದಲನೆಯ ಪಟ್ಟಿಯನ್ನು ಬಿಟ್ಟು ಮೇಲೇರಬಾರದೆಂಬುದು ನನ್ನ ದೃಢವಾದ ನಿಲುವು.

ಕೆಲಸ ಆರಂಭಿಸುವ ಮುನ್ನ ಕೋವಿಯನ್ನು ಅನುಭವಿ ಗನ್‌ಸ್ಮಿತ್ ಒಬ್ಬರಿಗೆ ತೋರಿಸಿ, ತೋಟಾ ತುಂಬಲು ನಿಮ್ಮಲ್ಲಿ ಕಾನೂನಿನ ಅನುಮತಿ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಆಮೇಲೆ ನಳಿಗೆಯ ಒಳ ಅಳತೆ ತೆಗೆಯಿರಿ. ಹಳೆಯ .44-40 ನಳಿಗೆಗಳ ಅಳತೆ ಒಂದರಂತೆ ಇನ್ನೊಂದು ಇರುವುದಿಲ್ಲ; .427 ಇಂಚು ಎಂದು ಹೇಳಿದರೂ .430ಕ್ಕಿಂತ ಅಗಲವಾದವು ಸಿಗುತ್ತವೆ. ಎಣ್ಣೆ ಸವರಿದ ಮೆತ್ತನೆಯ ಸೀಸದ ಉಂಡೆಯನ್ನು ನಳಿಗೆಯೊಳಗೆ ಮೆಲ್ಲಗೆ ತಳ್ಳಿ ಹೊರತೆಗೆದು, ಅದರ ಅತಿ ಅಗಲದ ಭಾಗವನ್ನು ಮೈಕ್ರೊಮೀಟರ್‌ನಿಂದ ಅಳೆಯಿರಿ. ಸೀಸದ ಗುಂಡು ಆ ಅಳತೆಗಿಂತ .001 ಇಂಚಿನಷ್ಟು ದಪ್ಪವಿದ್ದರೆ ಒಳ್ಳೆಯದು, ಆದರೆ ಅದನ್ನು ಕೂರಿಸಿದ ತೋಟಾ ಚೇಂಬರಿನೊಳಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಸಲೀಸಾಗಿ ಹೋಗಲೇಬೇಕು.

ಗುಂಡಿನ ಮೂತಿಯ ವಿಷಯದಲ್ಲಿ ರಾಜಿ ಸಲ್ಲದು. ನಳಿಗೆಯ ಕೆಳಗಿನ ಕೊಳವೆ ಮ್ಯಾಗಜೀನಿನಲ್ಲಿ ತೋಟಾಗಳು ಒಂದರ ಹಿಂದೊಂದು ನಿಲ್ಲುವುದರಿಂದ, ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರಿಗೆ (ಏಟು ಬಿದ್ದರೆ ಮದ್ದಿಗೆ ಕಿಡಿ ಹಚ್ಚುವ ಬುಡದ ಪುಟ್ಟ ಬಟ್ಟಲು) ತಾಗಿಕೊಂಡಿರುತ್ತದೆ. ಮೂತಿ ಗಟ್ಟಿಯಾಗಿಯೂ ಚೂಪಾಗಿಯೂ ಇದ್ದರೆ ಹಿಮ್ಮೆಟ್ಟಿನ ಏಟಿಗೆ ಪ್ರೈಮರ್ ಸಿಡಿದು, ಮ್ಯಾಗಜೀನ್ ನಿಮ್ಮ ಮುಂಗೈಯ ಕೆಳಗೇ ಒಡೆಯಬಹುದು. ಆದ್ದರಿಂದ ಚಪ್ಪಟೆ ಮೂತಿಯ ಗುಂಡನ್ನೇ ಬಳಸಿ, ಪ್ರೈಮರ್ ಕೇಸಿನ ಬುಡಕ್ಕಿಂತ ಕೂದಲೆಳೆಯಷ್ಟು ಒಳಗೇ ಕುಳಿತಿದೆಯೇ ಎಂದು ಬೆರಳಾಡಿಸಿ ನೋಡಿ. ಪೆಟ್ಟಿಗೆ ಮ್ಯಾಗಜೀನಿನ ವಿಂಚೆಸ್ಟರ್ 1895 ಮತ್ತು ತಿರುಗು ಮ್ಯಾಗಜೀನಿನ ಸ್ಯಾವೇಜ್ 1899 ರೈಫಲ್‌ಗಳಿಗೆ ಈ ತೊಡಕಿಲ್ಲ.

ಒಮ್ಮೆ ಹಾರಿಸಿದ ಕೇಸುಗಳನ್ನು ತೊಳೆದು ಒಣಗಿಸಿ, ಬಿರುಕು ಬಿಟ್ಟವನ್ನು ಬೇರ್ಪಡಿಸಿ. ವಿಂಚೆಸ್ಟರ್ 1894ರಲ್ಲಿ ಬೀಗ ಬೋಲ್ಟಿನ ಹಿಂಬದಿಗೆ ಬೀಳುವುದರಿಂದ .30-30 ಕೇಸು ಉದ್ದಕ್ಕೆ ಹಿಗ್ಗುತ್ತದೆ, ಬುಡದ ಮೇಲ್ಭಾಗದಲ್ಲಿ ತೆಳುವಾಗುತ್ತದೆ. ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿದ ಸಣ್ಣ ತಂತಿಯನ್ನು ಕೇಸಿನೊಳಗೆ ಇಳಿಸಿ ಬುಡದಿಂದ ಮೇಲಕ್ಕೆ ಗೋಡೆಗೆ ತಾಗಿಸಿ ಎಳೆಯಿರಿ. ಕೊಕ್ಕೆ ಒಂದು ತೋಡಿಗೆ ತಡೆದರೆ ಆ ಕೇಸನ್ನು ಎಸೆಯಿರಿ. ಕೇಸನ್ನು ಡೈಯಲ್ಲಿ (ಕೇಸಿಗೆ ಮತ್ತೆ ಅಳತೆ ಕೊಡುವ ಅಚ್ಚು) ಪೂರ್ತಿ ಹಿಂಡುವ ಬದಲು ನಿಮ್ಮ ಚೇಂಬರಿಗೆ ಹೊಂದುವಷ್ಟು ಮಾತ್ರ ಹಿಂಡಿದರೆ ಅದು ಹೆಚ್ಚು ಕಾಲ ಬಾಳುತ್ತದೆ. .30-30 ಕೇಸಿನ ಉದ್ದ 2.039 ಇಂಚನ್ನು ಮೀರಬಾರದು. .44-40ರ ಕತ್ತು ಬಹಳ ತೆಳು. ಜಾರುಮೇಣ ಸವರಿ, ಕೇಸನ್ನು ಡೈಗೆ ಒತ್ತುವ ಪ್ರೆಸ್ಸಿನ ಹಿಡಿಯನ್ನು ಅವಸರವಿಲ್ಲದೆ ಇಳಿಸದಿದ್ದರೆ ಡೈಯ ಅಂಚಿಗೆ ಬಡಿದು ನಜ್ಜುಗುಜ್ಜಾಗುತ್ತದೆ.

ಮದ್ದಿನ ಪ್ರಮಾಣವನ್ನು ಮುದ್ರಿತ ಕೈಪಿಡಿಯಿಂದಲೇ ತೆಗೆದುಕೊಂಡು, ಅದರ ಆರಂಭದ ಅಂಕಿಯಿಂದ ಶುರುಮಾಡಿ. ಕರಿಮದ್ದಿಗೆಂದು ರೂಪಿಸಿದ ದೊಡ್ಡ ಕೇಸಿನಲ್ಲಿ ಹೊಗೆರಹಿತ ಮದ್ದು ಸ್ವಲ್ಪವೇ ಜಾಗ ಹಿಡಿಯುವುದರಿಂದ ಎರಡು ಸಲ ಸುರಿದರೂ ಮೇಲ್ನೋಟಕ್ಕೆ ತಿಳಿಯದೆ ಹೋಗಬಹುದು. ಎಲ್ಲ ಕೇಸುಗಳನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಒಂದೊಂದರೊಳಗೂ ಮದ್ದಿನ ಮಟ್ಟ ಸಮನಾಗಿದೆಯೇ ಎಂದು ನೋಡಿ. ಕರಿಮದ್ದನ್ನೇ ತುಂಬುವವರಾದರೆ ಗುಂಡು ಮತ್ತು ಮದ್ದಿನ ನಡುವೆ ಟೊಳ್ಳು ಉಳಿಯಲೇಬಾರದು.

ಕರಿಮದ್ದು ಕೇಸಿನ ತುಂಬ ಇರುತ್ತಿದ್ದ ಕಾಲದಲ್ಲಿ ಗುಂಡಿಗೆ ಹಿಂದಿನಿಂದ ಆ ಮದ್ದೇ ಆಸರೆಯಾಗಿತ್ತು. ಹೊಗೆರಹಿತ ಮದ್ದಿನಲ್ಲಿ ಆ ಆಸರೆ ಇಲ್ಲದೆ ಮ್ಯಾಗಜೀನ್ ಸ್ಪ್ರಿಂಗಿನ ಒತ್ತಡವೂ ಹಿಮ್ಮೆಟ್ಟೂ ಸೇರಿ ಗುಂಡನ್ನು ಕೇಸಿನೊಳಕ್ಕೆ ತಳ್ಳುತ್ತವೆ. ಒಳಗಿನ ಜಾಗ ಕುಗ್ಗಿ ಒತ್ತಡ ಏರುತ್ತದೆ. ಹಾಗಾಗಿ ಗುಂಡಿನಲ್ಲಿ ತೋಡಿರಬೇಕು, ಕೇಸಿನ ಬಾಯಿಯನ್ನು ಆ ತೋಡಿನೊಳಕ್ಕೆ ಬಿಗಿಯಾಗಿ ಮಡಿಸಬೇಕು. ಕೇಸುಗಳ ಉದ್ದ ಸಮನಾಗಿಲ್ಲದಿದ್ದರೆ ಮಡಿಕೆಯೂ ಸಮನಾಗಿ ಬೀಳುವುದಿಲ್ಲ. ಒಟ್ಟು ಉದ್ದವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: .44-40ಕ್ಕೆ 1.592 ಇಂಚು ಮಿತಿ. ಉದ್ದ ಹೆಚ್ಚಾದರೆ ತೋಟಾವನ್ನು ಎತ್ತುವ ಕ್ಯಾರಿಯರ್ ಸಿಕ್ಕಿಕೊಳ್ಳುತ್ತದೆ, ತೀರ ಕಡಿಮೆಯಾದರೆ ಮುಂದಿನ ಸರದಿಗೆ ಕಾದಿರುವ ತೋಟಾದ ಬುಡ ಕ್ಯಾರಿಯರಿನೊಳಕ್ಕೆ ನುಗ್ಗುತ್ತದೆ.

ಇದೆಲ್ಲ ಸರಿಯಿದೆಯೇ ಎಂದು ತಿಳಿಯಲು ಮದ್ದೂ ಪ್ರೈಮರೂ ಇಲ್ಲದ ಕೆಲವು ತೋಟಾಗಳನ್ನು ಮಾಡಿ, ಉದ್ದ ಬರೆದಿಟ್ಟುಕೊಂಡು, ಮ್ಯಾಗಜೀನಿಗೆ ತುಂಬಿ ಲಿವರ್ ಆಡಿಸಿ ಹೊರತೆಗೆದು ಮತ್ತೆ ಅಳೆಯಿರಿ. ಉದ್ದ ಕುಗ್ಗಿದ್ದರೆ ಮಡಿಕೆ ಸಾಲದು. ಡೈಯನ್ನು ಸರಿಪಡಿಸಿಕೊಂಡು ಇದನ್ನೇ ಮತ್ತೊಮ್ಮೆ ಮಾಡಿದ ಮೇಲಷ್ಟೇ ಮದ್ದಿನ ಡಬ್ಬಿ ತೆರೆಯಿರಿ.