ಮನೆಮಂದಿ ಕೂತು ನಗುವ ಸಿನಿಮಾ: ನಾನು ಬರೆಯೋದು, ತೆಗೆಯೋದು ಹೀಗೆ

ಕುಟುಂಬದ ಹಾಸ್ಯ ಸಿನಿಮಾ ಬರೆಯಲು ಕೂತಾಗ ನಾನು ಜೋಕ್ ಹುಡುಕೋದಿಲ್ಲ. ಆ ಮನೆಯಲ್ಲಿ ಯಾರು ಯಾರಿಂದ ಏನು ಮುಚ್ಚಿಟ್ಟಿದ್ದಾರೆ ಅಂತ ಹುಡುಕುತ್ತೇನೆ. ಅದು ಗೊತ್ತಾದರೆ ನಗು ತಾನಾಗೇ ಬರುತ್ತೆ.

ದಾವಣಗೆರೆಯ ಹಳೇ ಮನೆಯೊಂದರಲ್ಲಿ ತೆಗೆದ ಒಂದು ದೃಶ್ಯ ಹೇಳ್ತೀನಿ. ಮಗ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವವನು, ಕಾಸಿಗೆ ಕಾಸು ಲೆಕ್ಕ ಇಡುವವನು. ಅಜ್ಜಿ ಮೊಮ್ಮಗನ ಬೈಕಿಗಾಗಿ ತನ್ನ ಸರ ಅಡ ಇಟ್ಟಿದ್ದಾಳೆ. ಇದು ಸೊಸೆಗೆ ಗೊತ್ತು, ಮೊಮ್ಮಗಳಿಗೆ ಗೊತ್ತು, ಹಾಲು ಹಾಕುವವನಿಗೂ ಗೊತ್ತು. ಮಗನಿಗೆ ಮಾತ್ರ ಗೊತ್ತಿಲ್ಲ. ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಅವನು ತಲೆ ಎತ್ತಿ ಕೇಳುತ್ತಾನೆ.

"ಅವ್ವಾ, ಕೊಳ್ಳಾಗಿನ ಸರ ಎಲ್ಲಿ?"

"ಇನ್ನೊಂದು ರೊಟ್ಟಿ ಹಾಕ್ಕೊಳ್ಳಪ್ಪ."

"ಸರ ಕೇಳಿದ್ದು ನಾನು."

"ಪಲ್ಯನೂ ಐತಿ."

ಹಾಳೆ ಮೇಲೆ ಓದಿದರೆ ಇದರಲ್ಲಿ ನಗುವಂಥದ್ದು ಏನೂ ಇಲ್ಲ, ಅಲ್ವಾ? ಆದರೆ ಥಿಯೇಟರಿನಲ್ಲಿ ಕೂತವರಿಗೆ ಸರ ಎಲ್ಲಿದೆ ಅಂತ ಗೊತ್ತು. ಅಜ್ಜಿ ತಮಾಷೆ ಮಾಡ್ತಿಲ್ಲ. ಅವಳಿಗೆ ನಿಜವಾಗಿ ಭಯ ಇದೆ, ಮಗನ ಮೇಲೂ ಮೊಮ್ಮಗನ ಮೇಲೂ ಅಷ್ಟೇ ಪ್ರೀತಿ ಇದೆ. ಪಾತ್ರಕ್ಕೆ ತಾನು ನಗಿಸ್ತಿದ್ದೀನಿ ಅನ್ನೋದು ಗೊತ್ತಾದ ಕೂಡಲೇ ನಗು ನಿಂತುಹೋಗುತ್ತೆ. ಇದನ್ನು ನಾನು ಪ್ರತಿ ಕಲಾವಿದರಿಗೂ ಹೇಳುತ್ತೇನೆ.

ಅದಕ್ಕೇ ಬರೆಯುವಾಗ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿಕೊಳ್ಳುತ್ತೇನೆ. ಪಕ್ಕಕ್ಕೆ ಮನೆಯವರ ಹೆಸರು, ಮೇಲೆ ದೃಶ್ಯಗಳು. ಯಾವ ದೃಶ್ಯದಲ್ಲಿ ಯಾರಿಗೆ ಏನು ತಿಳಿಯಿತು ಅಂತ ಗುರುತು ಹಾಕುತ್ತಾ ಹೋಗ್ತೀನಿ. ಮಗನಿಗೆ ಗುಟ್ಟು ಬೇಗ ತಿಳಿದರೆ ಕತೆ ಮುಗಿದುಹೋಗುತ್ತೆ. ತೀರಾ ತಡವಾದರೆ ಪ್ರೇಕ್ಷಕರಿಗೆ ಅವನು ದಡ್ಡ ಅನ್ನಿಸಿಬಿಡುತ್ತಾನೆ. ಸಂಭಾಷಣೆಗಿಂತ ಜಾಸ್ತಿ ಸಮಯ ಹೋಗೋದು ಈ ಹಾಳೆಗೇ.

ನಟರ ವಿಷಯದಲ್ಲಿ ದಾವಣಗೆರೆಯಂಥ ಊರು ಸಿಗೋದು ಕಷ್ಟ. ವೃತ್ತಿ ರಂಗಭೂಮಿಯ ಹೆಸರಾಂತ ನಟಿ ಚಿಂದೋಡಿ ಲೀಲಾ ಅವರ ಊರು ಇದು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಕಂಪನಿ ನಾಟಕದಲ್ಲಿ ಪಳಗಿದವರಿಗೆ ನಗುವಿನ ಹದ ರಕ್ತದಲ್ಲೇ ಇರುತ್ತೆ. ಜನ ನಗುವವರೆಗೆ ಕಾಯುತ್ತಾರೆ, ನಗು ಇಳಿಯುವ ಹೊತ್ತಿಗೆ ಮುಂದಿನ ಮಾತು ಎತ್ತುತ್ತಾರೆ. ಆದರೆ ಅವರ ದನಿ ಹಿಂದಿನ ಸಾಲಿನವರಿಗೂ ಕೇಳಬೇಕು ಅಂತ ತಯಾರಾದದ್ದು. ಕ್ಯಾಮೆರಾ ಮಾರು ದೂರದಲ್ಲಿ ಇರುತ್ತೆ. ಹಾಗಾಗಿ ಶೂಟಿಂಗಿಗೆ ಮುಂಚೆ ಅದೇ ಮನೆಯ ಪಡಸಾಲೆಯಲ್ಲಿ ಕೂರಿಸಿ, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಅಂದ್ಕೊಂಡು ಮಾತಾಡಿ ಅಂತ ತಾಲೀಮು ಮಾಡಿಸುತ್ತೇನೆ. ದನಿ ತಗ್ಗುತ್ತೆ, ಹದ ಹಾಗೇ ಉಳಿಯುತ್ತೆ.

ಮಾತಿನ ಬಗ್ಗೆ ನನಗೆ ಹಟ ಇದೆ. ಇಲ್ಲಿ ಉತ್ತರದ ಕನ್ನಡವೂ ಮೈಸೂರು ಕಡೆಯ ಕನ್ನಡವೂ ಒಂದೇ ಬೀದಿಯಲ್ಲಿ ಓಡಾಡುತ್ತವೆ. ಅಜ್ಜಿ "ಬರ್ರಿ, ಕುಂದ್ರಿ" ಅಂದರೆ ಬೆಂಗಳೂರಿನಲ್ಲಿ ಓದುವ ಮೊಮ್ಮಗಳು "ಬನ್ನಿ, ಕೂತ್ಕೊಳ್ಳಿ" ಅಂತಾಳೆ. ಒಂದೇ ಮನೆಯಲ್ಲಿ ಎರಡೂ ಇರಲಿ. ಅಜ್ಜಿಯ ಮಾತೇ ನಗೆಪಾಟಲು ಆಗುವಂತೆ ಬರೆಯೋದು ಮಾತ್ರ ನನಗೆ ಆಗಲ್ಲ. ಕಿವಿ ಕೇಳಿಸದವರು, ದಪ್ಪಗಿರುವವರು, ಕಪ್ಪಗಿರುವವರ ಮೇಲಿನ ಜೋಕುಗಳೂ ಅಷ್ಟೇ. ಸೆನ್ಸಾರಿನವರು ಎಲ್ಲ ವಯಸ್ಸಿನವರೂ ನೋಡಬಹುದು ಅಂತ ಯು ಸರ್ಟಿಫಿಕೇಟ್ ಕೊಟ್ಟರೂ, ಆ ಜೋಕಿಗೆ ಮುಖ ಸಣ್ಣದು ಮಾಡಿಕೊಳ್ಳುವ ಒಬ್ಬ ಹುಡುಗಿ ಮೂರನೇ ಸಾಲಿನಲ್ಲಿ ಕೂತಿರುತ್ತಾಳೆ.

ತಿನ್ನುವ ದೃಶ್ಯಗಳು ಹಾಸ್ಯ ಸಿನಿಮಾದಲ್ಲಿ ಜಾಸ್ತಿ. ದಾವಣಗೆರೆ ಅಂದಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಿಟ್ಟು ಸಂಜೆ ತೋರಿಸೋಕಾಗುತ್ತಾ? ನಾವು ಮಾತನ್ನು ಸ್ಥಳದಲ್ಲೇ ರೆಕಾರ್ಡ್ ಮಾಡುತ್ತೇವೆ. ಗರಿಗರಿಯಾದ ನರ್ಗಿಸ್ ಮಂಡಕ್ಕಿ ಅಗಿದರೆ ಕಾಲರ್ ಮೈಕಿನಲ್ಲಿ ಕರುಂ ಕುರುಂ ಅನ್ನೋದೇ ಕೇಳುತ್ತೆ, ಸಂಭಾಷಣೆ ಮುಳುಗಿಹೋಗುತ್ತೆ. ಅದಕ್ಕೆ ಮಾತಿರುವ ಟೇಕಿಗೆ ಒಗ್ಗರಣೆ ಹಾಕಿ ಮೆತ್ತಗಾದ ಮಂಡಕ್ಕಿ, ಸುಮ್ನೆ ತಿನ್ನುವ ಶಾಟಿಗೆ ನರ್ಗಿಸ್ ಅಂತ ಮೊದಲೇ ಚಿತ್ರಕತೆಯಲ್ಲೇ ಬರೆದುಬಿಡುತ್ತೇನೆ. ತಟ್ಟೆಯಲ್ಲಿ ಎಷ್ಟು ಉಳಿದಿದೆ ಅಂತ ಪ್ರತಿ ಟೇಕ್ ಮುಗಿದಾಗಲೂ ಸಹಾಯಕ ನಿರ್ದೇಶಕರು ಫೋಟೋ ತೆಗೀತಾರೆ. ಇಲ್ಲದಿದ್ದರೆ ಅರ್ಧ ತಿಂದ ಮೆಣಸಿನಕಾಯಿ ಮುಂದಿನ ಶಾಟಿನಲ್ಲಿ ಇಡಿಯಾಗಿ ಎದ್ದು ಕೂತಿರುತ್ತೆ. ಊರಿನ ನಡುವೆಯೇ ರೈಲು ಹಳಿ ಇದೆ. ರೈಲಿನ ಸದ್ದು ಬಂದರೆ ಎಲ್ಲರೂ ಸುಮ್ಮನೆ ಕಾಯಬೇಕು, ಬೇರೆ ದಾರಿ ಇಲ್ಲ.

ಊಟದ ದೃಶ್ಯವನ್ನು ಎಲ್ಲರೂ ಕಾಣುವ ಹಾಗೆ ಒಂದೇ ಅಗಲವಾದ ಶಾಟಿನಲ್ಲಿ ಪೂರ್ತಿ ತೆಗೆಯುತ್ತೇನೆ. ನಗು ಹುಟ್ಟೋದು ಮಾತಾಡುವವರ ಬಾಯಲ್ಲಿ ಅಲ್ಲ, ಕೇಳಿಸಿಕೊಳ್ಳುವವರ ಮುಖದಲ್ಲಿ. ಅಜ್ಜಿ "ಪಲ್ಯನೂ ಐತಿ" ಅಂದಾಗ ಸೊಸೆ ನೀರಿನ ಲೋಟ ತುಂಬಿದ್ದರೂ ಮತ್ತೆ ನೀರು ಹಾಕುತ್ತಾಳೆ. ಹತ್ತಿರದ ಶಾಟ್ ಹಾಕಿದ್ದರೆ ಅದು ಕಾಣ್ತಿರಲಿಲ್ಲ. ಎಡಿಟಿಂಗಿನಲ್ಲಿ ಆ ಲೋಟ ತುಂಬಿ ಹರಿಯುವವರೆಗೂ ಶಾಟ್ ಬಿಟ್ಟಿದ್ದೇವೆ.

ಸಿನಿಮಾ ಒಂದು ಹಂತಕ್ಕೆ ಬಂದ ಮೇಲೆ ಊರಿನ ಒಂದಷ್ಟು ಕುಟುಂಬಗಳನ್ನು ಕರೆದು ತೋರಿಸುತ್ತೇವೆ. ನಾನು ಪರದೆಗೆ ಬೆನ್ನು ಹಾಕಿ ಅವರ ಮುಖ ನೋಡ್ತಾ ಕೂರುತ್ತೇನೆ. ಯಾವ ನಗು ಮುಂದಿನ ಮಾತನ್ನು ನುಂಗಿತು, ಎಲ್ಲಿ ಮಕ್ಕಳು ಎದ್ದು ಓಡಾಡಿದರು, ಎಲ್ಲಿ ಗಂಡ ನಕ್ಕು ಹೆಂಡತಿ ನಗಲಿಲ್ಲ, ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತೇನೆ. "ಪಲ್ಯನೂ ಐತಿ" ಆದಮೇಲೆ ಮಗನ ಒಂದು ಮುಖ್ಯವಾದ ಮಾತಿತ್ತು. ಅದು ಯಾರಿಗೂ ಕೇಳಿಸಲಿಲ್ಲ. ಮರುದಿನ ಎಡಿಟರ್ ಪಕ್ಕ ಕೂತು, ಆ ಮಾತಿಗೆ ಮುಂಚೆ ಎರಡು ಸೆಕೆಂಡ್, ಅಂದರೆ ಸೆಕೆಂಡಿಗೆ 24ರಂತೆ 48 ಫ್ರೇಮ್, ಖಾಲಿ ಬಿಡಿಸಿದೆ.