ಐದು ನಕ್ಷತ್ರದ ಚಿತ್ರಗಳನ್ನು ಮನೆಯಲ್ಲೇ ಬಿಟ್ಟು ಹೋದೆ

ಮಂಜಿನಲ್ಲಿ, ಬೆಳಕಿಗೆ ಬೆನ್ನು ಮಾಡಿ ನಿಂತ ಜೋಡಿಯ ಚಿತ್ರವೊಂದು ನನ್ನ ಬಳಿ ಇದೆ. ನನ್ನಂತೆಯೇ ಫೋಟೊ ತೆಗೆಯುವ ವೃತ್ತಿಯ ಗೆಳೆಯರೆಲ್ಲ ಕೊಂಡಾಡಿದ್ದು. ಕೆಲಸ ಕೇಳಲು ಗಿರಾಕಿಗಳಿಗೆ ತೋರಿಸುವ ಆಲ್ಬಮ್ಮಿನ ಮೊದಲ ಪುಟಕ್ಕೆ ಅದನ್ನೇ ಇಟ್ಟು ಸುಮಾರು ಎರಡು ವರ್ಷ ಅಲೆದೆ. ವಧುವಿನ ತಾಯಿಯೊಬ್ಬರು ಅದನ್ನು ನೋಡಿ, ‘ಮುಖ ಎಲ್ಲಿದೆ?’ ಎಂದರು. ಮುಂಗಡ ಬರಲಿಲ್ಲ. ಆಗ ಹತ್ತು ಭೇಟಿಗೆ ಎರಡೋ ಮೂರೋ ಕೆಲಸ ಕುದುರುತ್ತಿದ್ದವು. ಆ ಆಲ್ಬಮ್ ಮುದ್ರಿಸಿದ ಖರ್ಚೇ ಎರಡು ಮದುವೆಗಳ ಲಾಭವನ್ನು ನುಂಗಿತ್ತು.

ಈಗ ಇಪ್ಪತ್ತು ಮದುವೆಗಳಿಂದ ಹೆಕ್ಕಿದ ಮುತ್ತುಗಳನ್ನು ಒಯ್ಯುವುದಿಲ್ಲ. ಒಂದೇ ಮದುವೆಯ 40 ಚಿತ್ರ, ಬೆಳಗಿನಿಂದ ರಾತ್ರಿಯವರೆಗೆ. ಅದರಲ್ಲಿ ಐಎಸ್‌ಒ 6400ರಲ್ಲಿ, ಅಂದರೆ ಮಂದ ಬೆಳಕಿಗೆಂದು ಕ್ಯಾಮೆರಾದ ಸಂವೇದನೆಯನ್ನು ಬಹಳ ಏರಿಸಿ ತೆಗೆದ, ಕಾಳುಕಾಳಾಗಿ ಕಾಣುವ ಕತ್ತಲ ಸಭಾಂಗಣವೂ ಇರುತ್ತದೆ. ‘ನಿನ್ನ ಹುಳುಕನ್ನು ನೀನೇ ತೋರಿಸುತ್ತೀಯಾ?’ ಎಂದು ಗೆಳೆಯರು ನಕ್ಕರು. ಆದರೆ ಬೆಳಕು ಕೈಕೊಟ್ಟರೆ ಏನು ಗತಿ ಎಂಬುದೇ ಮನೆಯವರ ಅಂಜಿಕೆ. ಆ ಪುಟ ಬಂದಾಗ ನಾನು ಮಾತನಾಡುವುದಿಲ್ಲ, ಅವರೇ ಮಾತನಾಡುತ್ತಾರೆ.

ವಾಸ್ತುಶಿಲ್ಪಿಗಳದು ಬೇರೆ ಕಣ್ಣು. ಮುಸ್ಸಂಜೆಯ ನೀಲಿ ಆಕಾಶದಿಂದ ಒಬ್ಬನನ್ನು ಬೆರಗುಗೊಳಿಸಲು ಹೋದೆ. ಆತ ಆಕಾಶ ನೋಡಲೇ ಇಲ್ಲ, ಒಳಕ್ಕೆ ವಾಲಿದ್ದ ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸಿ ಆಲ್ಬಮ್ ಮುಚ್ಚಿದ. ಈಗ ಕಟ್ಟಡದ ಗೆರೆಗಳನ್ನು ವಾಲದಂತೆ ನೆಟ್ಟಗಿಡುವ ಟಿಲ್ಟ್-ಶಿಫ್ಟ್ ಲೆನ್ಸಿನ 12 ಚಿತ್ರಗಳಷ್ಟೇ. ಸರಕು ಮಾರುವವರಿಗಂತೂ ನಾಟಕೀಯ ನೆರಳು ಬೇಡವೇ ಬೇಡ. ಒಂದೇ ಹಿನ್ನೆಲೆ, ಒಂದೇ ಬೆಳಕಿನಲ್ಲಿ 24 ವಸ್ತುಗಳನ್ನು ಸಾಲಾಗಿ ತೋರಿಸಿದರೆ ಸಾಕು.

ನಡುವೆ ಒಂದು ಪೆದ್ದುತನವನ್ನೂ ಮಾಡಿದೆ. ಮುದ್ರಣಕ್ಕೆ ಒಪ್ಪುವ ಬಣ್ಣದ ವ್ಯವಸ್ಥೆಯಾದ ಅಡೋಬಿ ಆರ್‌ಜಿಬಿಯಲ್ಲೇ ಉಳಿದಿದ್ದ ಚಿತ್ರಗಳನ್ನು ಗಿರಾಕಿಯೊಬ್ಬರ ಮೊಬೈಲಿಗೆ ಕಳುಹಿಸಿದೆ. ಅವರ ಪರದೆಯಲ್ಲಿ ಚರ್ಮವೆಲ್ಲ ಬೂದಿ ಬಣ್ಣ. ಎರಡು ದಿನಗಳ ಕೆಲಸ ಕೈತಪ್ಪಿತು. ಟ್ಯಾಬ್ಲೆಟ್ ಮತ್ತು ಮುದ್ರಿತ ಪ್ರತಿ ಎರಡನ್ನೂ ಕೆಲವು ತಿಂಗಳು ಅದಲುಬದಲು ಮಾಡಿ ನೋಡಿದೆ. ಟ್ಯಾಬ್ಲೆಟ್ಟಿನಲ್ಲಿ ಬೆರಳು ಓಡುತ್ತದೆ, ಕಾಗದದಲ್ಲಿ ನಿಲ್ಲುತ್ತದೆ. ಹಾಗಾಗಿ ಈಗ ಕಾಗದವೇ.

ಲೈಟ್‌ರೂಮ್ ಎಂಬ, ಚಿತ್ರಗಳನ್ನು ವಿಂಗಡಿಸುವ ತಂತ್ರಾಂಶದಲ್ಲಿ ನಕ್ಷತ್ರಗಳು ನನ್ನ ಮೆಚ್ಚುಗೆಗೆ, ಬಣ್ಣದ ಗುರುತುಗಳು ಗಿರಾಕಿಗೆ. ಬಣ್ಣದ ಗುರುತಿಲ್ಲದ್ದು ಐದು ನಕ್ಷತ್ರ ಪಡೆದಿದ್ದರೂ ಚೀಲ ಸೇರುವುದಿಲ್ಲ. ಈಗ ಹತ್ತರಲ್ಲಿ ಆರು ಭೇಟಿಗಳು ಮುಂಗಡದಲ್ಲಿ ಮುಗಿಯುತ್ತವೆ. ನಕ್ಕ ಗೆಳೆಯರಲ್ಲಿ ಇಬ್ಬರು, ಯಾರಿಗೆ ಯಾವ ಚಿತ್ರ ಎಂಬ ನನ್ನ ಪಟ್ಟಿಯನ್ನು ಕೇಳಿ ಪಡೆದಿದ್ದಾರೆ. ಕೊನೆಯಿಂದ ಮೂರನೆಯ ಚಿತ್ರವನ್ನು ಹೇಗೆ ಆರಿಸುತ್ತೇನೆ ಎಂಬುದನ್ನು ಮಾತ್ರ ಅವರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಮಂಜಿನ ಜೋಡಿಗೆ ಇನ್ನೂ ಬಣ್ಣ ಸಿಕ್ಕಿಲ್ಲ.