ಮಳೆಗಾಲದಲ್ಲಿ ಲೆಕ್ಕ ತಪ್ಪುತ್ತಿದ್ದ ಸ್ಟ್ರೌಜರ್ ಯಂತ್ರ

ನಮ್ಮ ಮನೆಯ ಫೋನುಗಳನ್ನು ಒಂದಕ್ಕೊಂದು ಜೋಡಿಸಲು ನಾನೊಂದು ಹಳೆಯ ಸ್ಟ್ರೌಜರ್ ಎಕ್ಸ್‌ಚೇಂಜನ್ನು, ಅಂದರೆ ಡಯಲ್ ತಿರುಗಿಸಿದ ಸಂಖ್ಯೆಗೆ ತಾನೇ ಕರೆ ಜೋಡಿಸುವ ಯಂತ್ರವನ್ನು, ಇಟ್ಟುಕೊಂಡಿದ್ದೇನೆ. ಕಳೆದ ಆಷಾಢದ ಒಂದು ಸಂಜೆ ತೋಟದ ಮನೆಯ ಫೋನಿನಿಂದ 27 ತಿರುಗಿಸಿದರೆ, ಜಗಲಿಯಲ್ಲಿರುವ ಫೋನಿನ ಬದಲು ಕೊಟ್ಟಿಗೆಯ ಪಕ್ಕದ 26ನೆಯ ಫೋನು ಗಂಟೆ ಹೊಡೆಯಿತು. ಮತ್ತೆ ತಿರುಗಿಸಿದೆ; ಮತ್ತೆ 26. ಮೂರನೆಯ ಸಲ ಸರಿಯಾಗಿ 27ಕ್ಕೇ ಹೋಯಿತು. ಸದಾ ಕೆಟ್ಟಿರುವ ಯಂತ್ರವನ್ನು ದುರಸ್ತಿ ಮಾಡುವುದು ಸುಲಭ, ಆಗಾಗ ಸರಿಯಾಗಿ ಕೆಲಸ ಮಾಡುವ ಯಂತ್ರವೇ ಮನುಷ್ಯನನ್ನು ಸತಾಯಿಸುತ್ತದೆ.

ನಾನು ರೈಲ್ವೆಯ ಸಿಗ್ನಲ್ ಮತ್ತು ಟೆಲಿಕಾಂ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅದು ಮುಂದೆ ತಾಳಗುಪ್ಪದವರೆಗೂ ಬೆಳೆದು, ಮೀಟರ್ ಗೇಜಿನ ಕೊನೆಯ ವರ್ಷಗಳಲ್ಲಿ ಪುಟ್ಟ ರೈಲ್ ಬಸ್ಸೊಂದು ಓಡಾಡುತ್ತಿದ್ದ ಕಾಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬ್ರಾಡ್ ಗೇಜ್ ಬಂದಮೇಲೆ ಹಳೆಯ ಉಪಕರಣಗಳೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಬ್ರಿಟನ್ನಿನ ಕೆಲವು ಪಾರಂಪರಿಕ ರೈಲು ಮಾರ್ಗಗಳಲ್ಲಿ ಉತ್ಸಾಹಿಗಳು ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು ಇಂದಿಗೂ ದಿನಬಳಕೆಯಲ್ಲಿ ಇಟ್ಟಿದ್ದಾರೆ ಎಂದು ತಿಳಿದಾಗ, ನಮ್ಮಲ್ಲಿ ಆ ಹಳೆಯ ರೈಲು ಉಳಿಸಿಕೊಳ್ಳಲಾಗದಿದ್ದರೂ ಎಕ್ಸ್‌ಚೇಂಜನ್ನಾದರೂ ಉಳಿಸಬಹುದಲ್ಲ ಎನ್ನಿಸಿತು. ಗುಜರಿಯಲ್ಲಿ ಸಿಕ್ಕ ಎರಡು ಫೈನಲ್ ಸೆಲೆಕ್ಟರುಗಳು (ಕರೆಯನ್ನು ತಿರುಗಿಸಿದ ಸಂಖ್ಯೆಗೆ ಮುಟ್ಟಿಸುವ ಭಾಗ), ನಾಲ್ಕು ಯುನಿಸೆಲೆಕ್ಟರುಗಳು (ಫೋನಿಗೊಂದರಂತೆ ಇರುವ ಚಿಕ್ಕ ಸೆಲೆಕ್ಟರು) ಮತ್ತು ಒಂದು ಚೀಲ ರಿಲೇಗಳನ್ನು (ವಿದ್ಯುತ್ಕಾಂತದಿಂದ ಕೆಲಸ ಮಾಡುವ ಸ್ವಿಚ್ಚು) ಸಾಗರದ ಬಳಿಯ ನಮ್ಮ ಮನೆಗೆ ತಂದೆ.

ಈ ಯಂತ್ರದ ಹಿಂದಿನ ಬುದ್ಧಿ ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬವನದು. ಅವನು ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯವನಾಗಿದ್ದು, 1891ರಲ್ಲಿ ಪೇಟೆಂಟ್ ಪಡೆದ. ನಮ್ಮ ದೇಶದಲ್ಲಿ 1948ರಲ್ಲಿ ಆರಂಭವಾದ ಬೆಂಗಳೂರಿನ ಐ.ಟಿ.ಐ. (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯೂ ಇದೇ ಬಗೆಯ ಎಕ್ಸ್‌ಚೇಂಜುಗಳನ್ನು ತಯಾರಿಸಿತು. ರಿಸೀವರ್ ಎತ್ತಿದೊಡನೆ ಆ ಫೋನಿನ ಯುನಿಸೆಲೆಕ್ಟರು ಒಂದೊಂದೇ ಹೆಜ್ಜೆ ಸರಿದು ಬಿಡುವಾಗಿರುವ ಫೈನಲ್ ಸೆಲೆಕ್ಟರನ್ನು ಹುಡುಕುತ್ತದೆ. 2 ತಿರುಗಿಸಿದರೆ ಸೆಲೆಕ್ಟರಿನ ದಂಡ ಎರಡು ಮೆಟ್ಟಿಲು ಮೇಲೇರುತ್ತದೆ, 7 ತಿರುಗಿಸಿದರೆ ಆ ಮಟ್ಟದಲ್ಲೇ ಏಳು ಹಲ್ಲು ಒಳಕ್ಕೆ ತಿರುಗಿ ನಿಲ್ಲುತ್ತದೆ. ಹತ್ತು ಮಟ್ಟ, ಮಟ್ಟಕ್ಕೆ ಹತ್ತು ಸ್ಥಾನ, ಒಟ್ಟು ನೂರು ಸಂಖ್ಯೆ. ಸೊನ್ನೆ ಎಂದರೆ ಹತ್ತು ಹೆಜ್ಜೆ. ಡಯಲ್ ವಾಪಸು ತಿರುಗುವಾಗ ಸೆಕೆಂಡಿಗೆ ಹತ್ತರ ವೇಗದಲ್ಲಿ ತಂತಿಯ ವಿದ್ಯುತ್ತನ್ನು ಕಡಿಯುತ್ತದೆ. ಒಂದೊಂದು ಕಡಿತವೂ ಸುಮಾರು 67 ಮಿಲಿಸೆಕೆಂಡು, ನಡುವಿನ ಜೋಡಣೆ 33. ಆ ಕಡಿತಗಳನ್ನು ಸೆಲೆಕ್ಟರಿನ ‘ಎ’ ರಿಲೇ ಬೀಳುತ್ತ ಏಳುತ್ತ, ಕಡಿತಕ್ಕೊಂದು ಹೆಜ್ಜೆಯಂತೆ ದಂಡಕ್ಕೆ ಎಣಿಸಿಕೊಡುತ್ತದೆ. ‘ಬಿ’ ರಿಲೇಯ ಸುರುಳಿಗೆ ತಾಮ್ರದ ದಪ್ಪ ಬಳೆ ತೊಡಿಸಿರುವುದರಿಂದ ಅದು ನಿಧಾನವಾಗಿ ಬಿಡುತ್ತದೆ. ಇಷ್ಟು ಚಿಕ್ಕ ಕಡಿತಕ್ಕೆ ಜಗ್ಗದೆ ಕರೆಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಇಷ್ಟೆಲ್ಲವೂ ಕಣ್ಣೆದುರೇ ನಡೆಯುವುದರಿಂದ ಮೊಮ್ಮಕ್ಕಳು ಟಿ.ವಿ. ಬಿಟ್ಟು ಇದರ ಮುಂದೆ ಕೂರುತ್ತಾರೆ.

ಶುಚಿಗೊಳಿಸುವಾಗ ನಾನೊಂದು ದಡ್ಡತನ ಮಾಡಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರು ಬೈದು ಕಲಿಸಿದ್ದನ್ನು ಮರೆತು, ಮೊದಲ ರಿಲೇಯ ಬೆಳ್ಳಿಯ ಸಂಪರ್ಕಬಿಂದುಗಳನ್ನು ಮರಳು ಕಾಗದದಿಂದ ಉಜ್ಜಿಬಿಟ್ಟೆ. ಕಾಗದದ ಕಣಗಳು ಮೆತ್ತನೆಯ ಬೆಳ್ಳಿಯಲ್ಲಿ ಹೂತು, ಆ ರಿಲೇ ಮೊದಲಿಗಿಂತ ಹೆಚ್ಚು ಕೈಕೊಡತೊಡಗಿತು. ಉಳಿದವಕ್ಕೆಲ್ಲ ನುಣುಪಾದ ಉಕ್ಕಿನ ತೆಳು ಪಟ್ಟಿಯನ್ನೇ ಬಳಸಿದೆ. ಎಣ್ಣೆಯನ್ನು ದಂಡಕ್ಕೂ ಹಲ್ಲುಗಳಿಗೂ ಒಂದೊಂದು ಹನಿ ಮಾತ್ರ, ಸಂಪರ್ಕಗಳ ಹತ್ತಿರಕ್ಕೂ ಸುಳಿಯದಂತೆ ಹಾಕಿದೆ. ವಿದ್ಯುತ್ತಿಗೆ ಹನ್ನೆರಡು ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ್ದೇನೆ, ಮೂಲ ಯಂತ್ರಕ್ಕೆ ಬೇಕಾದ ಐವತ್ತಕ್ಕೆ ಅದು ಸಾಕಷ್ಟು ಹತ್ತಿರ.

ಈಗ 26ರ ಕಥೆ. ಸೆಲೆಕ್ಟರ್ ಒಂದು ಹಲ್ಲು ಕಡಿಮೆ ತಿರುಗುತ್ತಿದೆ ಎಂದು ಕಂಡದ್ದರಿಂದ ದೋಷ ಸೆಲೆಕ್ಟರಿನದೇ ಎಂದುಕೊಂಡು, ಒಂದು ಇಡೀ ದಿನ ತಿರುಗಿಸುವ ಕಾಂತದ ಸ್ಪ್ರಿಂಗನ್ನು ಬಿಗಿಮಾಡಿ, ಸಡಿಲಿಸಿ, ಕೊನೆಗೆ ಸರಿಯಾಗಿದ್ದ ಹೊಂದಾಣಿಕೆಯನ್ನೂ ಕೆಡಿಸಿದೆ. ರಾತ್ರಿ ಊಟಕ್ಕೆ ಕುಳಿತಾಗ, ಪಕ್ಕದಲ್ಲೇ ಇರುವ ತಮ್ಮನ ಮನೆಯ ಫೋನಿನಿಂದ 27 ಎಂದೂ ತಪ್ಪಿಲ್ಲವೆಂಬುದು ಹೊಳೆಯಿತು. ಎರಡು ಮನೆಗೂ ಸೆಲೆಕ್ಟರುಗಳು ಅವೇ. ಬೇರೆಯಾಗಿರುವುದು ತಂತಿ ಮಾತ್ರ.

ತೋಟದ ಮನೆಗೆ ಹೋಗುವ ತಂತಿಯನ್ನು ಅಡಕೆ ಮರಗಳಿಗೆ ಕಟ್ಟಿ ಎಳೆದಿದ್ದೆ. ನಡುವೆ ಟೇಪು ಸುತ್ತಿದ ಮೂರು ಜೋಡಣೆಗಳಿದ್ದವು. ಬೆಳಗ್ಗೆ ತಂತಿಯ ನಿರೋಧ ಅಳೆಯುವ ಮೆಗ್ಗರ್ ಎಂಬ ಉಪಕರಣ ಹಿಡಿದು ಅಳೆದರೆ ಎರಡು ತಂತಿಗಳ ನಡುವಿನ ನಿರೋಧ ತೀರ ಕುಸಿದಿತ್ತು. ಹೀಗೆ ಸೋರುವ ತಂತಿಯಲ್ಲಿ ಡಯಲ್ ವಿದ್ಯುತ್ತನ್ನು ಕಡಿದರೂ ಸ್ವಲ್ಪ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಆದ್ದರಿಂದ ‘ಎ’ ರಿಲೇ ತಡವಾಗಿ ಬೀಳುತ್ತದೆ, ಕಡಿತ 67 ಮಿಲಿಸೆಕೆಂಡಿಗಿಂತ ಗಿಡ್ಡವಾಗುತ್ತದೆ, ದಂಡವನ್ನು ತಿರುಗಿಸುವ ಕಾಂತಕ್ಕೆ ಎಳೆಯಲು ಸಮಯ ಸಾಲದೆ ಒಂದು ಹೆಜ್ಜೆ ತಪ್ಪಿಹೋಗುತ್ತದೆ. ಅಂಕಿ ದೊಡ್ಡದಾದಷ್ಟೂ ತಪ್ಪುವ ಅವಕಾಶ ಹೆಚ್ಚು. 2 ಸರಿಯಾಗಿ ಬಂದು 7 ಎಡವುತ್ತಿದ್ದುದು ಅದಕ್ಕೇ.

ಜೋಡಣೆಗಳನ್ನು ಬಿಚ್ಚಿದಾಗ ಒಂದರ ಟೇಪಿನ ಮೇಲೆ ತಿಳಿನೀಲಿ ಬಣ್ಣದ ಪೊರೆ ಕಂಡಿತು. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆಂದು ಅಡಕೆ ಗೊನೆಗಳಿಗೆ ಹೊಡೆಸಿದ ಬೋರ್ಡೋ ದ್ರಾವಣ ಅದು! ಮೈಲುತುತ್ತ ಮತ್ತು ಸುಣ್ಣದ ಆ ಪೊರೆ ಟೇಪಿನ ಸಂದಿಯೊಳಕ್ಕೂ ಇಳಿದು, ಮಳೆನೀರಿನಲ್ಲಿ ನೆನೆದು ಎರಡು ತಂತಿಗಳಿಗೂ ಸೇತುವೆಯಾಗಿತ್ತು. ಒಂದು ತಂತಿಯ ತಾಮ್ರ ಹಸಿರುಗಟ್ಟಿ ಸವೆದಿತ್ತು, ಇನ್ನೊಂದು ಅಷ್ಟಾಗಿ ಕೆಟ್ಟಿರಲಿಲ್ಲ. ತೇವದಲ್ಲಿ ಲೋಹ ಕರಗುವುದು ಧನ ತುದಿಯಲ್ಲಿ. ಹಳೆಯ ಎಕ್ಸ್‌ಚೇಂಜುಗಳಲ್ಲಿ ಬ್ಯಾಟರಿಯ ಧನ ತುದಿಯನ್ನೇ ಭೂಮಿಗೆ ಕೊಡುವುದು ಇದೇ ಕಾರಣಕ್ಕೆ: ತಂತಿ ಭೂಮಿಗಿಂತ ಋಣವಾಗಿದ್ದರೆ ಹಸಿನೆಲದಲ್ಲಿ ಅದರ ತಾಮ್ರ ಉಳಿಯುತ್ತದೆ. ಪುಸ್ತಕದಲ್ಲಿ ಓದಿದ್ದ ಈ ಮಾತನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದು ಅಂದೇ ಮೊದಲು.

ಜೋಡಣೆಯಿಲ್ಲದ ಒಂದೇ ಉದ್ದದ ಕೇಬಲನ್ನು ಕೊಳವೆಯಲ್ಲಿ ಹಾಯಿಸಿ ಈಗ ಮರಗಳಿಂದ ದೂರ, ಕಾಲುವೆಯ ದಂಡೆಯ ಮೇಲೆ ಒಯ್ದಿದ್ದೇನೆ. ಯಂತ್ರದ ಪೆಟ್ಟಿಗೆಯೊಳಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲಿರುಳೂ ಅರವತ್ತು ವ್ಯಾಟಿನ ಬಲ್ಬು ಉರಿಯುತ್ತಿರುತ್ತದೆ. ಅದರ ಬಿಸಿಯನ್ನು ಕಂಡ ಮನೆಯಾಕೆ ಪೆಟ್ಟಿಗೆಯ ಮೇಲೆ ಹಪ್ಪಳದ ತಟ್ಟೆ ಇಡಲು ಶುರುಮಾಡಿದ್ದಾಳೆ. ಹಿಟ್ಟಿನ ಪುಡಿ ಸಂಪರ್ಕಗಳಿಗೆ ಬಿದ್ದರೆ ಏನು ಗತಿ ಎಂದು ನಾನು ಎರಡು ಸಲ ಹೇಳಿ ನೋಡಿದೆ. ಕೊನೆಗೆ ಪೆಟ್ಟಿಗೆಗೆ ರಬ್ಬರ್ ಅಂಚಿನ ಮುಚ್ಚಳ ಮಾಡಿಸಿದೆ, ತಟ್ಟೆ ಅಲ್ಲೇ ಇದೆ.